ಡೇರಿಯ ಆಸಿಡ್ ಬಾಟ್ಲಿ ಮತ್ತು ಎರಡು ಕೊಡ ನೀರು

ಪ್ರಶ್ನೆ: ನಾನು ಹಾಸನ ಜಿಲ್ಲೆ ಅರಕಲಗೂಡು ಕಡೆಯ ಒಂದು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಹಾಲಿನ ಫ್ಯಾಟ್ (ಜಿಡ್ಡು) ನೋಡಲು ನಮ್ಮಲ್ಲಿ ಮೆಷಿನ್ ಇದೆ. ಆದರೆ ಕರೆಂಟ್ ಹೋದಾಗ, ಇಲ್ಲವೇ ಮೆಷಿನ್ ಲೆಕ್ಕದ ಮೇಲೆ ಸದಸ್ಯರು ತಕರಾರು ತೆಗೆದಾಗ ಹಳೇ ಆಸಿಡ್ ಟೆಸ್ಟೇ ಗತಿ. ಹೋದ ತಿಂಗಳು ಹೀಗೆ ಟೆಸ್ಟ್ ಮಾಡುವಾಗ ಟ್ಯೂಬಿನ ಕಾರ್ಕ್ ಹಾರಿ ನಮ್ಮ ಪರೀಕ್ಷಕಿಯ ಕೆನ್ನೆಗೆ, ಕತ್ತಿಗೆ ಆಸಿಡ್ ಸಿಡಿಯಿತು. ಕಣ್ಣಿಗೆ ಬೀಳಲಿಲ್ಲ. ಅಲ್ಲಿದ್ದವರೊಬ್ಬರು ‘ನೀರು ಹಾಕಬೇಡಿ, ಇನ್ನೂ ಸುಡುತ್ತೆ’ ಎಂದು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಇನ್ನೊಬ್ಬರು ಹಾಲಿನ ಕೆನೆ ಹಚ್ಚಿದರು. ಗ್ಲೌಸ್ ತಂದುಕೊಟ್ಟಿದ್ದೆವು, ಅವಳು ಹಾಕಿಕೊಂಡಿರಲಿಲ್ಲ. ‘ಹಾಕಿದರೆ ಟ್ಯೂಬ್ ಜಾರುತ್ತೆ’ ಅನ್ನುತ್ತಾಳೆ. ತಪ್ಪು ಅವಳದೇ ಎಂದು ಆಡಳಿತ ಮಂಡಳಿಯ ಕೆಲವರು ಹೇಳುತ್ತಿದ್ದಾರೆ. ಆಸ್ಪತ್ರೆ ಖರ್ಚು ಯಾರದು ಎಂಬ ಮಾತೂ ಎದ್ದಿದೆ. ಇಷ್ಟರಲ್ಲೇ ನಮಗೆ ಬಿಎಂಸಿ (ಹಾಲನ್ನು ತಣ್ಣಗಿಡುವ ದೊಡ್ಡ ತೊಟ್ಟಿ) ಬರಲಿದೆ, ಅದನ್ನು ತೊಳೆಯಲು ಬೇರೆ ಆಸಿಡ್ ಬೇಕಂತೆ. ಏನು ಮಾಡಬೇಕು?

ಉತ್ತರ: ಮೊದಲು ಆ ಹೆಣ್ಣುಮಗಳ ಕಣ್ಣಿನ ವಿಚಾರ. ಕಣ್ಣಿಗೆ ಬೀಳಲಿಲ್ಲ ಎಂದು ಬರೆದಿದ್ದೀರಿ, ಒಳ್ಳೆಯದು. ಆದರೂ ಕಣ್ಣು ಕೆಂಪಗಿದ್ದರೆ, ಬೆಳಕು ನೋಡಲು ಕಷ್ಟವಾಗುತ್ತಿದ್ದರೆ, ಮಂಜು ಮಂಜಾಗಿ ಕಂಡರೆ ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿ. ಸಣ್ಣ ಹನಿ ಒಳಗೆ ಹೋದದ್ದು ಆ ಗಡಿಬಿಡಿಯಲ್ಲಿ ಗೊತ್ತೇ ಆಗಿರುವುದಿಲ್ಲ.

ಇನ್ನು ‘ನೀರು ಹಾಕಬೇಡಿ’ ಎಂದವರ ಮಾತು. ನಾನು ಡೇರಿ ಲ್ಯಾಬುಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಈ ಮಾತನ್ನು ಎಷ್ಟು ಕಡೆ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ದಡ್ಡರಲ್ಲ. ಸ್ಕೂಲಿನಲ್ಲಿ ಕಲಿತ ಒಂದು ಸರಿಯಾದ ಪಾಠವನ್ನು ತಪ್ಪು ಜಾಗದಲ್ಲಿ ಬಳಸುತ್ತಾರೆ, ಅಷ್ಟೆ. ‘ಆಸಿಡ್‌ಗೆ ನೀರು ಹಾಕಬಾರದು, ನೀರಿಗೆ ಆಸಿಡ್ ಹಾಕಬೇಕು’ ಅನ್ನುವುದು ಪಾತ್ರೆಯಲ್ಲಿ ಬೆರೆಸುವಾಗಿನ ಮಾತು. ಗಟ್ಟಿ ಗಂಧಕಾಮ್ಲ (ನಿಮ್ಮ ಟೆಸ್ಟಿನ ಸಲ್ಫ್ಯೂರಿಕ್ ಆಸಿಡ್) ನೀರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ತೂಕ. ಒಂದು ಲೀಟರ್ ನೀರು ಒಂದು ಕೆಜಿ ಇದ್ದರೆ ಒಂದು ಲೀಟರ್ ಆಸಿಡ್ 1.84 ಕೆಜಿ. ಅದರ ಮೇಲೆ ನೀರು ಸುರಿದರೆ ನೀರು ಮುಳುಗದೆ ಮೇಲೆಯೇ ನಿಲ್ಲುತ್ತದೆ. ಎರಡೂ ಸೇರುವ ಕಡೆ ಕಾವು ಏರಿ, ನೀರು ಅಲ್ಲೇ ಕುದಿದು, ಕಾದ ಎಣ್ಣೆಗೆ ಬಿದ್ದ ಹನಿಯ ಹಾಗೆ ಸಿಡಿಯುತ್ತದೆ. ಜೊತೆಗೆ ಆಸಿಡನ್ನೂ ಹಾರಿಸುತ್ತದೆ.

ಮೈಮೇಲೆ ಬಿದ್ದದ್ದು ಬಾಟ್ಲಿ ತುಂಬ ಆಸಿಡ್ ಅಲ್ಲ, ನಾಲ್ಕು ಹನಿ. ಅದರ ಮೇಲೆ ಕೊಡಗಟ್ಟಲೆ ನೀರು ಹರಿದರೆ ಕಾವು ಏಳುವಷ್ಟರಲ್ಲೇ ಕೊಚ್ಚಿಕೊಂಡು ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎರಡೂ ಕಡೆ ನಷ್ಟ. ಕಾವು ಏಳಲು ಸಾಕಾಗುವಷ್ಟು ನೀರು ಸಿಕ್ಕಿತು, ಕೊಚ್ಚಿ ಹೋಗುವಷ್ಟು ಸಿಗಲಿಲ್ಲ. ಮೇಲೆ ಚರ್ಮವನ್ನು ಉಜ್ಜಿದ ಹಾಗೂ ಆಯಿತು.

ಕೆನೆ, ಬೆಣ್ಣೆ, ಅರಿಶಿನ, ಟೂತ್‌ಪೇಸ್ಟ್ ಯಾವುದೂ ಬೇಡ. ಅವು ಆಸಿಡನ್ನು ಚರ್ಮದ ಮೇಲೆ ಮುಚ್ಚಿಡುತ್ತವೆ. ‘ಆಸಿಡ್‌ಗೆ ಸುಣ್ಣ ಮದ್ದು’ ಎಂದು ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆಯುವವರನ್ನೂ ನೋಡಿದ್ದೇನೆ. ದಯವಿಟ್ಟು ತಡೆಯಿರಿ. ಕಣ್ಣಿಗೆ ಸುಣ್ಣ ಆಸಿಡ್‌ಗಿಂತ ಕೆಟ್ಟದ್ದು, ಇನ್ನೂ ಆಳಕ್ಕೆ ಇಳಿಯುತ್ತದೆ. ಸೋಡಾ, ಸುಣ್ಣ ಎಲ್ಲ ನೆಲಕ್ಕೆ ಚೆಲ್ಲಿದ ಆಸಿಡ್‌ಗೆ. ಮೈಗೆ ನೀರು, ಬರೀ ನೀರು.

ಎಷ್ಟು ನೀರು? ಕಣ್ಣಿಗಾದರೆ ಕಡಿಮೆಯೆಂದರೂ 15 ನಿಮಿಷ. ಗಡಿಯಾರ ನೋಡಿಕೊಂಡು. ಉರಿಯುವವರಿಗೆ ಎರಡೇ ನಿಮಿಷಕ್ಕೆ ‘ಸಾಕು, ಬಿಡಿ’ ಅನ್ನಿಸುತ್ತದೆ. ಬಿಡಬಾರದು, ಯಾರಾದರೂ ಜೊತೆಗೆ ನಿಂತು ರೆಪ್ಪೆ ಬಿಡಿಸಿ ಹಿಡಿಯಬೇಕು. ಕಾರ್ಖಾನೆಗಳಲ್ಲಿ ಕಣ್ಣು ತೊಳೆಯಲು ಇಡುವ ಸಲಕರಣೆಗೆ ನಿಮಿಷಕ್ಕೆ ಒಂದೂವರೆ ಲೀಟರ್ ಎಂಬ ಲೆಕ್ಕವಿದೆ. 15 ನಿಮಿಷಕ್ಕೆ 22 ಲೀಟರ್ ದಾಟುತ್ತದೆ, ಅಂದರೆ ಎರಡು ಕೊಡ ತುಂಬ. ಅಂಗಡಿಯಿಂದ ತರುವ 20 ಲೀಟರಿನ ಕ್ಯಾನ್ ಒಂದೇ ಇದ್ದರೆ ಅದೂ ಸಾಲದು. ಮೈಗೆ ಬಿದ್ದಿದ್ದರೆ ನೀರು ಹಾಕುತ್ತಲೇ ಸೆರಗು, ರವಿಕೆ, ಬಳೆ, ವಾಚು ತೆಗೆಸಿ. ಗಂಡಸರಿದ್ದಾರೆ, ನಾಚಿಕೆ ಅಂತ ಹೆಣ್ಣುಮಕ್ಕಳು ಒದ್ದೆ ಬಟ್ಟೆಯಲ್ಲೇ ನಿಂತುಬಿಡುತ್ತಾರೆ. ಬಳೆಯ ಕೆಳಗೆ, ಸೀರೆಯ ನೆರಿಗೆಯಲ್ಲಿ ಉಳಿದ ಆಸಿಡ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಒಂದು ಹಳೇ ಬೆಡ್‌ಶೀಟು, ಒಂದು ನೈಟಿ ಡೇರಿಯ ಬೀರುವಿನಲ್ಲಿರಲಿ. 108ಕ್ಕೆ ಫೋನ್ ಮಾಡುವವರು ಬೇರೆಯವರಾಗಲಿ, ನೀರು ಹಾಕುವವರು ನಿಲ್ಲಿಸದಿರಲಿ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತಿಗೆ ಬರುತ್ತೇನೆ. ‘ಕರೆಂಟ್ ಹೋದಾಗ’ ಎಂದಿದ್ದೀರಿ. ಸ್ವಲ್ಪ ಯೋಚಿಸಿ. ಕರೆಂಟ್ ಇಲ್ಲದ ದಿನವೇ ನಿಮ್ಮಲ್ಲಿ ಆಸಿಡ್ ಬಾಟ್ಲಿ ಹೊರಗೆ ಬರುತ್ತದೆ. ಅವತ್ತು ಲೈಟೂ ಇಲ್ಲ. ಬೋರ್‌ವೆಲ್ ಮೋಟಾರೂ ಇಲ್ಲ, ನಲ್ಲಿ ತಿರುಗಿಸಿದರೆ ಗಾಳಿ ಬರಬಹುದು. ಹಾಲು ಹಾಕುವವರು ಸಾಲಿನಲ್ಲಿ ನಿಂತು ‘ಬೇಗ ನೋಡವ್ವ, ಮಕ್ಕಳನ್ನ ಸ್ಕೂಲಿಗೆ ಕಳಿಸಬೇಕು’ ಅನ್ನುತ್ತಿರುತ್ತಾರೆ. ಹಾಲು ಒಯ್ಯುವ ರೂಟ್ ಗಾಡಿ ಬರುವ ಹೊತ್ತು. ಪರೀಕ್ಷಕಿಗೋ ಈ ಟೆಸ್ಟು ದಿನಾ ಮಾಡುವ ಕೆಲಸವಲ್ಲ, ತಿಂಗಳಿಗೆ ಮೂರು ಸಲ. ಕೈ ಮರೆತಿರುತ್ತದೆ. ತಕರಾರಿನ ಟೆಸ್ಟಾದರಂತೂ ನಾಲ್ಕು ಜನ ಮುಖದ ಹತ್ತಿರ ಮುಖ ತಂದು ಟ್ಯೂಬನ್ನೇ ನೋಡುತ್ತಿರುತ್ತಾರೆ. ಇದೆಲ್ಲ ಒಂದೇ ಗಳಿಗೆಯಲ್ಲಿ ಸೇರಿದರೆ ಯಾರ ಕೈಯಲ್ಲಿದ್ದರೂ ಕಾರ್ಕ್ ಹಾರುತ್ತದೆ. ಅದಕ್ಕೇ ತಪ್ಪು ಅವಳದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೊತ್ತು ತಪ್ಪು, ಜಾಗ ತಪ್ಪು. ಅವೆರಡನ್ನೂ ಗೊತ್ತು ಮಾಡಿದವರು ಪರೀಕ್ಷಕಿಯಲ್ಲ, ಸಂಘ.

ಹಾಗಾದರೆ ಹೊತ್ತು ಬದಲಿಸಿ. ಕರೆಂಟ್ ಹೋದರೆ ಆಸಿಡ್ ತೆಗೆಯುವುದೇ ಬೇಡ. ಹಾಲು ಅಳೆದುಕೊಳ್ಳಿ, ಲ್ಯಾಕ್ಟೋಮೀಟರ್ ನೋಡಿ, ಪ್ರತಿಯೊಬ್ಬರ ಸ್ಯಾಂಪಲನ್ನು ನಂಬರ್ ಹಾಕಿದ ಬಾಟ್ಲಿಯಲ್ಲಿ ಎತ್ತಿಡಿ, ಜನರನ್ನು ಕಳಿಸಿ. ಕರೆಂಟ್ ಬಂದ ಮೇಲೆ ಮೆಷಿನ್‌ಗೆ ಕೊಡಿ. ಬರದೇ ಹೋದರೆ ಸಾಲು ಕರಗಿದ ಮೇಲೆ, ಹಗಲು ಬೆಳಕಿನಲ್ಲಿ, ಬಾಗಿಲು ಹಾಕಿಕೊಂಡು ಟೆಸ್ಟ್ ಮಾಡಲಿ. ಫ್ಯಾಟ್ ಸ್ಲಿಪ್ ಸಂಜೆ ಕೊಟ್ಟರೆ ಬಟವಾಡೆಗೇನೂ ತೊಂದರೆಯಿಲ್ಲ. ತಕರಾರು ಮಾಡಿದವರಿಗೂ ಅಷ್ಟೇ: ‘ಹತ್ತು ಗಂಟೆಗೆ ಬನ್ನಿ, ಕಿಟಕಿ ಹೊರಗಿನಿಂದ ನೋಡಿ.’ ನಂಬಿಕೆಯ ಪ್ರಶ್ನೆ ಬಂದರೆ ಅವರ ಎದುರಿಗೇ ಸ್ಯಾಂಪಲ್ ಬಾಟ್ಲಿ ಮುಚ್ಚಿ ಸಹಿ ಹಾಕಿಸಿಕೊಳ್ಳಿ.

ಇನ್ನೂ ಒಳ್ಳೆಯ ದಾರಿ ಮೆಷಿನ್‌ಗೆ ಒಂದು ಬ್ಯಾಟರಿ. ಇಂಥ ಅನೇಕ ಮೆಷಿನ್‌ಗಳು 12 ವೋಲ್ಟಿನಲ್ಲಿ ಓಡುತ್ತವೆ. ನಿಮ್ಮದರ ಹಿಂಬದಿ ಏನು ಬರೆದಿದೆ ನೋಡಿ, ಇಲ್ಲವೇ ಹಾಲು ಒಕ್ಕೂಟದ ವಿಸ್ತರಣಾಧಿಕಾರಿಯನ್ನು ಕೇಳಿ. ಗ್ಲೌಸ್, ಕನ್ನಡಕ, ಏಪ್ರನ್‌ಗೆ ಖರ್ಚು ಮಾಡುವ ಮೊದಲು ಇದಕ್ಕೆ ಮಾಡಿ. ಆಸಿಡ್ ಟೆಸ್ಟ್ ಹತ್ತು ಇದ್ದದ್ದು ಒಂದಕ್ಕೆ ಇಳಿದರೆ ಅಪಾಯವೂ ಅಷ್ಟೇ ಇಳಿಯುತ್ತದೆ. (ಬ್ಯಾಟರಿಯೊಳಗೂ ಇದೇ ಗಂಧಕಾಮ್ಲ ಇರುತ್ತದೆ, ಸ್ವಲ್ಪ ತೆಳು. ನೀರು ತುಂಬಿಸುವ ಕೆಲಸವಿಲ್ಲದ ಸೀಲ್ ಮಾಡಿದ್ದನ್ನೇ ತನ್ನಿ.)

ನೀರಿಗೂ ಒಂದು ವ್ಯವಸ್ಥೆ ಬೇಕು. ಕರೆಂಟ್ ನಂಬದ ನೀರು. ಮೇಜಿನ ಪಕ್ಕ ಎತ್ತರದ ಸ್ಟೂಲಿನ ಮೇಲೆ 50 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು, ಅದಕ್ಕೊಂದು ನಲ್ಲಿ, ನಲ್ಲಿಗೊಂದು ಮೊಳ ಉದ್ದದ ಪೈಪು. ವಾರಕ್ಕೊಮ್ಮೆ ನೀರು ಬದಲಿಸಿ. ಆಸಿಡ್ ಮುಟ್ಟುವ ಮೊದಲು ಡ್ರಮ್ ತುಂಬಿದೆಯಾ ಎಂದು ನೋಡುವುದು ಟೆಸ್ಟಿನ ಮೊದಲ ಹೆಜ್ಜೆಯಾಗಲಿ. ನಾನು ಯಾವುದೇ ಲ್ಯಾಬಿಗೆ ಹೋದರೂ ಮಾಡಿಸುತ್ತಿದ್ದ ಒಂದು ಪರೀಕ್ಷೆ ಹೇಳುತ್ತೇನೆ. ಪರೀಕ್ಷಕಿ ಮೇಜಿನ ಮುಂದೆ ನಿಂತು ಎರಡೂ ಕಣ್ಣು ಮುಚ್ಚಿಕೊಳ್ಳಲಿ. ಹಾಗೇ ಕೈಯಾಡಿಸಿಕೊಂಡು ನೀರಿನ ನಲ್ಲಿಗೆ ಹೋಗಲಿ. ಹತ್ತು ಸೆಕೆಂಡಿನೊಳಗೆ ಕೈಗೆ ನಲ್ಲಿ ಸಿಗಬೇಕು. ದಾರಿಯಲ್ಲಿ ಹಾಲಿನ ಕ್ಯಾನು, ಪಶು ಆಹಾರದ ಮೂಟೆ ಅಡ್ಡ ಸಿಕ್ಕರೆ ಅವತ್ತೇ ಜಾಗ ಖಾಲಿ ಮಾಡಿಸಿ. ಒಂದು ಡೇರಿಯಲ್ಲಿ ಹೀಗೆ ಹೊರಟ ಹುಡುಗ ನೇರವಾಗಿ ಅಧ್ಯಕ್ಷರ ಬೈಕಿಗೆ ಡಿಕ್ಕಿ ಹೊಡೆದ. ಬೈಕು ಒಳಗೇ ನಿಲ್ಲಿಸಿದ್ದರು, ಮಳೆ ಅಂತ!

ಇನ್ನು ಕಾರ್ಕ್ ಯಾಕೆ ಹಾರಿತು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಈ ಟೆಸ್ಟು ಸ್ವಿಟ್ಜರ್ಲೆಂಡಿನ ನಿಕ್ಲೌಸ್ ಗರ್ಬರ್ ಎಂಬವರು 1891ರಲ್ಲಿ ಕಂಡುಹಿಡಿದದ್ದು. ಅವತ್ತಿನಿಂದ ಹೆಚ್ಚೇನೂ ಬದಲಾಗಿಲ್ಲ. ಬ್ಯುಟಿರೋಮೀಟರಿಗೆ, ಅಂದರೆ ಆ ಗಾಜಿನ ಟ್ಯೂಬಿಗೆ, 10 ಎಂಎಲ್ ಗಂಧಕಾಮ್ಲ, 10.75 ಎಂಎಲ್ ಹಾಲು, 1 ಎಂಎಲ್ ಅಮೈಲ್ ಆಲ್ಕೋಹಾಲ್. ಕಾರ್ಕ್ ಹಾಕಿ ಕುಲುಕಿದರೆ ಆಸಿಡ್ ಹಾಲಿನ ಗಟ್ಟಿಯನ್ನೆಲ್ಲ ಕರಗಿಸಿ ಜಿಡ್ಡನ್ನು ಬೇರೆ ಮಾಡುತ್ತದೆ. ಕುಲುಕುವ ಮೊದಲು ಟ್ಯೂಬನ್ನು ನೋಡಿ. ಕೆಳಗೆ ನೀರಿನ ಹಾಗೆ ತಿಳಿಯಾದ ಆಸಿಡ್, ಮೇಲೆ ಬಿಳಿ ಹಾಲು, ನಡುವೆ ಕಂದು ಉಂಗುರ. ಒಂದೆರಡು ಸಲ ಮಗುಚಿದರೆ ಇಡೀ ಟ್ಯೂಬು ಫಿಲ್ಟರ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಬರಿಗೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ಹಿಗ್ಗಿ ಕಾರ್ಕನ್ನು ಹೊರಗೆ ತಳ್ಳುತ್ತದೆ. ಅದನ್ನು ತಡೆದು ಹಿಡಿದಿರುವುದು ಟ್ಯೂಬಿನ ಕತ್ತಿನ ಒಳಗೋಡೆಗೂ ರಬ್ಬರಿಗೂ ಇರುವ ಹಿಡಿತ ಮಾತ್ರ.

ಆ ಹಿಡಿತ ತಪ್ಪುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಕತ್ತು ಒದ್ದೆಯಾಗಿರುತ್ತದೆ. ಅವಸರದಲ್ಲಿ ಹಾಲಿನ ಪಿಪೆಟ್ಟಿನ (ಅಳೆದು ಬಿಡುವ ಗಾಜಿನ ನಳಿಕೆಯ) ತುದಿ ಕತ್ತಿಗೆ ತಾಗಿ ಎರಡು ಹನಿ ಅಲ್ಲೇ ನಿಲ್ಲುತ್ತದೆ, ಇಲ್ಲವೇ ಆಸಿಡ್ ಹಾಕುವಾಗ ಬಾಯಿಗೆ ಸವರಿರುತ್ತದೆ. ಒದ್ದೆ ಕತ್ತಿನಲ್ಲಿ ರಬ್ಬರ್ ಕಾರ್ಕ್ ಸೋಪಿನ ತುಂಡಿನ ಹಾಗೆ ಜಾರುತ್ತದೆ. ಹಾಕುವಾಗ ಸಲೀಸಾಗಿ ಒಳಗೆ ಹೋದರೆ ‘ಆಹಾ’ ಅನ್ನಿಸುತ್ತದೆ. ಅಷ್ಟೇ ಸಲೀಸಾಗಿ ಹೊರಗೂ ಬರುತ್ತದೆ. ಹಾಗಾಗಿ ಕಾರ್ಕ್ ಹಾಕುವ ಮೊದಲು ಕತ್ತಿನ ಒಳಗೆ ಒಮ್ಮೆ ನೋಡುವುದು ಅಭ್ಯಾಸವಾಗಬೇಕು. ಒದ್ದೆ ಕಂಡರೆ ಫಿಲ್ಟರ್ ಪೇಪರನ್ನು ಸುರುಳಿ ಮಾಡಿ ಇಕ್ಕಳದಲ್ಲಿ ಹಿಡಿದು ಒರೆಸಿ, ಆ ಪೇಪರನ್ನು ನೀರಿಗೆ ಹಾಕಲಿ.

ಎರಡನೆಯ ಕಾರಣ ಹಳೇ ಕಾರ್ಕ್. ನಿಮ್ಮ ಕಾರ್ಕುಗಳನ್ನೆಲ್ಲ ಒಂದು ತಟ್ಟೆಗೆ ಸುರಿದು ಹಗಲಿನಲ್ಲಿ ನೋಡಿ. ಉಬ್ಬಿದ್ದು, ಬಿರುಕು ಬಿಟ್ಟದ್ದು, ಉಗುರಿನಲ್ಲಿ ಒತ್ತಿದರೆ ಕಲ್ಲಿನಂತಿರುವುದು, ಮೈ ನುಣ್ಣಗಾಗಿ ಹೊಳೆಯುತ್ತಿರುವುದು ಎಲ್ಲ ತಿಪ್ಪೆಗೆ. ಲಾಕ್ ಕಾರ್ಕ್ ಆದರೆ ಅದನ್ನು ಒತ್ತುವ ಕೀ ಎಂಬ ಕಡ್ಡಿ ಡೇರಿಯಲ್ಲಿ ಇದೆಯಾ ನೋಡಿ. ಎಷ್ಟೋ ಕಡೆ ಕೀ ಕಳೆದುಹೋಗಿ ಮೊಳೆಯಲ್ಲೋ ಸ್ಕ್ರೂಡ್ರೈವರಿನಲ್ಲೋ ತಿವಿಯುತ್ತಿರುತ್ತಾರೆ. ಗಾಜು ಒಡೆಯುವುದೂ ಹಾಗೆಯೇ. ಬಾಯಿ ಚಕ್ಕೆ ಎದ್ದ ಟ್ಯೂಬನ್ನು ‘ಇನ್ನೊಂದು ತಿಂಗಳು ಓಡಲಿ’ ಎಂದು ಇಟ್ಟುಕೊಳ್ಳಬೇಡಿ.

ಮೂರನೆಯದು ಹಾಲು ಹಾಕುವ ರೀತಿ. ಮೊದಲು ಆಸಿಡ್, ಆಮೇಲೆ ಟ್ಯೂಬನ್ನು ಓರೆಯಾಗಿ ಹಿಡಿದು ಗೋಡೆಗುಂಟ ಹಾಲು ನಿಧಾನ ಇಳಿಯಬೇಕು, ಆಸಿಡ್ ಮೇಲೆ ಪದರವಾಗಿ ಕೂರಬೇಕು. ಕೊನೆಗೆ ಆಲ್ಕೋಹಾಲ್. ಹಾಲನ್ನು ಧೊಪ್ಪನೆ ಬಿಟ್ಟರೆ ಕಾರ್ಕ್ ಹಾಕುವ ಮೊದಲೇ ಬೆರೆತು ಕಾದು ಉಕ್ಕುತ್ತದೆ.

ಕುಲುಕುವಾಗ ಟ್ಯೂಬ್ ಬರಿಗೈಯಲ್ಲಿ ಇರಕೂಡದು. ಒಣಗಿದ ದಪ್ಪ ಟವೆಲನ್ನು ಎರಡು ಸುತ್ತು ಸುತ್ತಿ, ಹೆಬ್ಬೆರಳು ಕಾರ್ಕಿನ ಮೇಲಿರಲಿ, ಟ್ಯೂಬಿನ ಬಾಯಿ ಗೋಡೆಯ ಕಡೆಗಿರಲಿ. ತನ್ನ ಕಡೆಗೂ ಬೇಡ, ಪಕ್ಕದವರ ಕಡೆಗೂ ಬೇಡ. ಮುಚ್ಚಳವಿರುವ ಶೇಕರ್ ಸ್ಟ್ಯಾಂಡ್ ಸಿಗುತ್ತದೆ, ಟ್ಯೂಬುಗಳನ್ನು ಅದರಲ್ಲಿಟ್ಟು ಒಟ್ಟಿಗೇ ಕುಲುಕಬಹುದು. ನಿಮ್ಮ ಪರೀಕ್ಷಕಿಯ ‘ಜಾರುತ್ತೆ’ ಎಂಬ ದೂರಿಗೂ ಇದರಲ್ಲೇ ಉತ್ತರವಿದೆ. ಅವಳು ಹೇಳುತ್ತಿರುವುದು ನಿಜ. ಗ್ಲೌಸ್ ಹಾಕಿ ನುಣುಪು ಗಾಜನ್ನು ನೇರವಾಗಿ ಹಿಡಿದರೆ ಜಾರುತ್ತದೆ. ಮೇಲೆ ಟವೆಲ್ ಬಂದರೆ ಜಾರುವುದಿಲ್ಲ.

ಗ್ಲೌಸ್ ಯಾವುದು ತಂದಿರಿ ಎಂದು ಬರೆದಿಲ್ಲ. ಮೆಡಿಕಲ್ ಶಾಪಿನ ತೆಳು ಬಿಳಿ ಗ್ಲೌಸೋ ನೀಲಿಯದೋ ಆಗಿದ್ದರೆ ಅವಳು ಹಾಕಿಕೊಳ್ಳದೇ ಇದ್ದದ್ದರಿಂದ ನಷ್ಟವೇನೂ ಆಗಿಲ್ಲ. ಇಷ್ಟು ಗಟ್ಟಿ ಗಂಧಕಾಮ್ಲಕ್ಕೆ ಅವು ತಡೆಯುವುದಿಲ್ಲ. ಒಳಗೆ ಇಳಿದ ಆಸಿಡ್ ಗ್ಲೌಸಿಗೂ ಚರ್ಮಕ್ಕೂ ನಡುವೆ ಸಿಕ್ಕಿಕೊಂಡು ಇನ್ನೂ ಕೆಟ್ಟದ್ದು ಮಾಡುತ್ತದೆ. ದಪ್ಪ ನಿಯೋಪ್ರಿನ್ ಅಥವಾ ಬ್ಯುಟೈಲ್ ರಬ್ಬರಿನದು, ಮುಂಗೈ ಮುಚ್ಚುವಷ್ಟು ಉದ್ದದ್ದು, ಅವಳ ಕೈ ಅಳತೆಯದು ಬೇಕು. ಗಂಡಸರ ಅಳತೆಯದನ್ನು ತಂದು ಹೆಣ್ಣುಮಕ್ಕಳಿಗೆ ಕೊಟ್ಟು ‘ಹಾಕಲ್ಲ ನೋಡಿ’ ಅನ್ನುವುದು ಮಾಮೂಲು. ತೆಗೆಯುವ ಮೊದಲು ಗ್ಲೌಸಿನ ಸಮೇತ ಕೈ ತೊಳೆಯಬೇಕು. ಮುಂದೆ ರಬ್ಬರ್ ಏಪ್ರನ್, ಸೆರಗು ಅದರ ಒಳಗೆ, ಕಾಲಿಗೆ ಮುಚ್ಚಿದ ಚಪ್ಪಲಿ.

ಮೈಗೆ ಹಾಕುವ ಈ ಸಾಮಾನುಗಳಲ್ಲಿ ಒಂದನ್ನೇ ಕೊಳ್ಳಲು ದುಡ್ಡಿದೆ ಅಂದರೆ? ಕಣ್ಣಿಗೆ ಕೊಳ್ಳಿ. ಮುಖಕ್ಕೆ ಬಿಗಿಯಾಗಿ ಕೂರುವ ಸ್ಪ್ಲಾಶ್ ಗಾಗಲ್ಸ್. ಬರೀ ಕನ್ನಡಕ ಆಗುವುದಿಲ್ಲ, ಹನಿ ಪಕ್ಕದಿಂದ ನುಗ್ಗುತ್ತದೆ. ದೊಡ್ಡ ಬಾಟ್ಲಿಯಿಂದ ಸುರಿಯುವಾಗ ಮೇಲೊಂದು ಮುಖದ ಶೀಲ್ಡೂ ಬೇಕು. ನನ್ನ ಎಡ ಮಣಿಕಟ್ಟಿನ ಮೇಲೆ ಕಾಳುಮೆಣಸಿನಷ್ಟು ಗುಂಡಗಿನ ಒಂದು ಕಲೆ ಇದೆ. ಕೆಲಸಕ್ಕೆ ಸೇರಿದ ಮೊದಲ ವರ್ಷದ್ದು, ಹೀಗೇ ಕಾರ್ಕ್ ಹಾರಿದ್ದು. ಅವತ್ತು ಗಾಗಲ್ಸಿನ ಗಾಜಿನ ಮೇಲೂ ಮೂರು ಹನಿ ಇತ್ತು. ಕಲೆ ನೋಡಿದಾಗಲೆಲ್ಲ ನನಗೆ ನೆನಪಾಗುವುದು ಆ ಮೂರು ಹನಿ.

ಬಾಯಲ್ಲಿ ಪಿಪೆಟ್ ಎಳೆಯುವುದನ್ನು ಇವತ್ತೇ ನಿಲ್ಲಿಸಿ. ಆಸಿಡ್‌ಗಂತೂ ಯಾರೂ ಎಳೆಯುವುದಿಲ್ಲ ಅಂದುಕೊಂಡಿದ್ದೆ, ಎಳೆಯುವವರನ್ನೂ ಕಂಡೆ. ಆಸಿಡ್‌ಗೆ ಟಿಲ್ಟ್ ಮೆಷರ್ ಇದೆ, ಬಾಟ್ಲಿಯ ಬಾಯಿಗೆ ಕೂರಿಸಿ ಬಗ್ಗಿಸಿದರೆ ಸರಿಯಾಗಿ 10 ಎಂಎಲ್ ಬರುತ್ತದೆ. ಆಲ್ಕೋಹಾಲಿಗೂ ಹಾಗೇ ಒಂದು. ಹಾಲಿನ ಪಿಪೆಟ್ಟಿಗೆ ರಬ್ಬರ್ ಬಲ್ಬ್ ಹಾಕಿ. ಅಕಸ್ಮಾತ್ ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ಹೋದ ದಾರಿಯಲ್ಲೇ ಮತ್ತೆ ಸುಡುತ್ತಾ ಬರುತ್ತದೆ. ಬಾಯಿ ಮುಕ್ಕಳಿಸಿ ನೇರ ಆಸ್ಪತ್ರೆಗೆ.

ಟ್ಯೂಬುಗಳನ್ನು ಗಿರಗಿರನೆ ತಿರುಗಿಸಿ ಜಿಡ್ಡು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಬಗ್ಗೆ ಎರಡೇ ಮಾತು. ಟ್ಯೂಬುಗಳು ಎದುರುಬದುರು ಸಮ ಇರಬೇಕು. ಒಂದೇ ಸ್ಯಾಂಪಲ್ ಇದ್ದರೆ ಎದುರಿಗೆ ನೀರು ತುಂಬಿದ ಟ್ಯೂಬ್ ಇಡಿ. ಮುಚ್ಚಳ ಹಾಕದೆ ತಿರುಗಿಸುವುದು, ನಿಲ್ಲಲು ಕೈ ಅಡ್ಡ ಕೊಡುವುದು ಎರಡೂ ಬೇಡ. ನಿಮಿಷಕ್ಕೆ 1100 ಸುತ್ತು ತಿರುಗುವ ಗಾಜು ಒಡೆದರೆ ಆಸಿಡಿನ ಜೊತೆ ಗಾಜಿನ ಚೂರೂ ಹಾರುತ್ತದೆ.

ಆಸಿಡನ್ನು ನೀವೇ ಬೆರೆಸಿಕೊಳ್ಳುತ್ತೀರಾ? ಈ ಟೆಸ್ಟಿಗೆ ಬೇಕಾದ್ದು ಸುಮಾರು 90 ಪರ್ಸೆಂಟಿನದು, ಒಂದು ಲೀಟರ್ ತೂಗಿದರೆ 1.807ರಿಂದ 1.812 ಕೆಜಿ. ಅಂಗಡಿಯ ಗಟ್ಟಿ ಆಸಿಡ್ 98 ಪರ್ಸೆಂಟ್. ಕೆಲವು ಸಂಘಗಳಲ್ಲಿ ಅದನ್ನು ತಂದು ಬಕೆಟ್ಟಿನಲ್ಲಿ ನೀರು ಸೇರಿಸಿ ‘ಹದ’ ಮಾಡುತ್ತಾರೆ. ಈ ಕೆಲಸ ನಿಮ್ಮ ಡೇರಿಯಲ್ಲಿ ನಡೆಯುವುದೇ ಬೇಡ. ಹದವಾಗಿ ತಯಾರಾದದ್ದೇ ಸಿಗುತ್ತದೆ, ಅದನ್ನೇ ತರಿಸಿ. ಗಟ್ಟಿ ಜಾಸ್ತಿಯಾದರೆ ಜಿಡ್ಡು ಕಪ್ಪಾಗುತ್ತದೆ, ತೆಳುವಾದರೆ ಬಿಳಿ ಗಸಿ ಉಳಿಯುತ್ತದೆ, ಲೆಕ್ಕ ತಪ್ಪಿ ಮತ್ತೆ ತಕರಾರು, ಮತ್ತೆ ಆಸಿಡ್ ಟೆಸ್ಟು. ತರುವ ದಾರಿಯೂ ನೋಡಬೇಕು. ಬಸ್ಸಿನಲ್ಲಿ ಕಾಲಸಂದಿಯಲ್ಲಿ ಇಟ್ಟುಕೊಂಡು ಬರುವುದು, ಹಾಲಿನ ಗಾಡಿಯಲ್ಲಿ ಕ್ಯಾನುಗಳ ನಡುವೆ ಕೂರಿಸುವುದು ಬೇಡವೇ ಬೇಡ.

ಇಡುವ ಜಾಗ ನೆಲಮಟ್ಟದ್ದಾಗಿರಲಿ. ಅಟ್ಟದ ಮೇಲಲ್ಲ, ತಲೆಗಿಂತ ಎತ್ತರದ ಶೆಲ್ಫಿನಲ್ಲಂತೂ ಅಲ್ಲ. ಬಾಟ್ಲಿ ಒಂದು ಪ್ಲಾಸ್ಟಿಕ್ ಟಬ್ಬಿನೊಳಗೆ ಕೂರಲಿ, ಒಡೆದರೂ ಟಬ್ಬಿನಲ್ಲೇ ನಿಲ್ಲುತ್ತದೆ. ಮುಚ್ಚಳ ಬಿಗಿಯಿರಲಿ, ಈ ಆಸಿಡ್ ಗಾಳಿಯ ತೇವವನ್ನು ಕುಡಿದು ತೆಳುವಾಗುತ್ತದೆ. ಅಮೈಲ್ ಆಲ್ಕೋಹಾಲ್ ಬೇರೆ ಕಡೆ. ಕುಡಿಯುವ ನೀರಿನ ಖಾಲಿ ಬಾಟ್ಲಿಗೆ ಆಸಿಡ್ ಬಗ್ಗಿಸಿ ಇಡುವುದೊಂದು ಕೆಟ್ಟ ಚಾಳಿ. ತಿಳಿಯಾಗಿ, ನೀರಿನ ಹಾಗೇ ಕಾಣುತ್ತದೆ. ಡೇರಿಗೆ ಮಕ್ಕಳೂ ಹಾಲು ತರುತ್ತಾರೆ, ಅಲ್ವಾ? ಬೀಗ ಹಾಕಿ, ಕೀ ಒಬ್ಬರ ಹತ್ತಿರವೇ ಇರಲಿ. ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ಪುಸ್ತಕದಲ್ಲಿ ಬರೆಯಿರಿ. ಆಸಿಡ್ ದಾಳಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ನಿರ್ದೇಶನದ ನಂತರ ಅಂಗಡಿಯವರೂ ಕೊಳ್ಳುವವರ ಗುರುತಿನ ಚೀಟಿ ನೋಡಿ, ಯಾಕೆ ಬೇಕು ಎಂದು ಬರೆದುಕೊಂಡೇ ಮಾರಬೇಕು. ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಟೆಸ್ಟ್ ಮುಗಿದ ಮೇಲೆ ಉಳಿಯುವ ಕಂದು ನೀರನ್ನು ಎಲ್ಲಿ ಚೆಲ್ಲುತ್ತೀರಿ? ಹಿತ್ತಲಿಗೆ, ಅಲ್ವಾ? ಒಂದು ಟ್ಯೂಬಿನಲ್ಲಿ ಸುಮಾರು 22 ಎಂಎಲ್, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಆಸಿಡ್. ಕರೆಂಟ್ ಇಲ್ಲದ ಒಂದು ಬೆಳಗ್ಗೆ 80 ಸದಸ್ಯರ ಹಾಲು ನೋಡಿದರೆ ಒಂದೂಮುಕ್ಕಾಲು ಲೀಟರ್. ಅಲ್ಲೇ ಕೋಳಿ ಕೆದಕುತ್ತದೆ, ಬರಿಗಾಲಲ್ಲಿ ಮಕ್ಕಳು ಓಡಾಡುತ್ತವೆ. ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿಗೆ ಮುಕ್ಕಾಲು ನೀರು ತುಂಬಿ, ಟ್ಯೂಬು ಆರಿದ ಮೇಲೆ ಅದಕ್ಕೆ ನಿಧಾನ ಬಗ್ಗಿಸಿ. ಇಲ್ಲಿ ಆ ಸ್ಕೂಲಿನ ಪಾಠ ಸರಿಹೋಗುತ್ತದೆ: ನೀರಿಗೆ ಆಸಿಡ್. ಆಮೇಲೆ ವಾಷಿಂಗ್ ಸೋಡಾವನ್ನು ಚಮಚ ಚಮಚವಾಗಿ ಹಾಕಿ. ಬುರುಗು ಏಳುವುದು ನಿಂತರೆ ಆಸಿಡ್ ಸತ್ತಿತು ಎಂದು ತಿಳಿಯಿರಿ. ಒಮ್ಮೆಲೇ ಸುರಿದರೆ ಬುರುಗು ಉಕ್ಕಿ ಕಾಲಿಗೆ ಬರುತ್ತದೆ. ನೆಲಕ್ಕೆ ಚೆಲ್ಲಿದರೆ ಮೊದಲು ಒಣ ಮರಳು, ಆಮೇಲೆ ಸೋಡಾ. ಮರದ ಹೊಟ್ಟು, ಗೋಣಿಚೀಲ ಹಾಕಬೇಡಿ.

ಬಿಎಂಸಿ ಬರುತ್ತದೆ ಎಂದಿರಲ್ಲ, ಅದರ ಮಾತು. ತೊಟ್ಟಿಯಲ್ಲಿ ಕಟ್ಟುವ ಹಾಲಿನ ಗಸಿಯನ್ನು ಬಿಡಿಸಲು ನೈಟ್ರಿಕ್ ಆಸಿಡ್ ಬಳಸುತ್ತಾರೆ, ಜಿಡ್ಡಿಗೆ ಕಾಸ್ಟಿಕ್ ಸೋಡಾ, ಕೊನೆಗೆ ಕ್ರಿಮಿ ಸಾಯಲು ಕ್ಲೋರಿನ್ ನೀರು. ಮೂರೂ ಒಂದೇ ಮೂಲೆಯಲ್ಲಿ, ಒಂದೇ ತರಹದ ಕ್ಯಾನುಗಳಲ್ಲಿ ಇರುತ್ತವೆ. ನೋಡಿದ ಕೂಡಲೇ ನನಗೆ ಹೆದರಿಕೆಯಾಗುವುದು ಆ ಮೂಲೆ. ಆಸಿಡೂ ಕಾಸ್ಟಿಕ್ಕೂ ಸೇರಿದರೆ ಕುದಿದು ಎಗರುತ್ತದೆ. ಆಸಿಡ್‌ಗೆ ಕ್ಲೋರಿನ್ ನೀರೋ ಬ್ಲೀಚಿಂಗ್ ಪುಡಿಯೋ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟುತ್ತದೆ. ಕ್ಯಾನುಗಳಿಗೆ ಬೇರೆ ಬೇರೆ ಬಣ್ಣ ಬಳಿದು, ಕನ್ನಡದಲ್ಲಿ ದೊಡ್ಡದಾಗಿ ಬರೆದು, ಬೇರೆ ಬೇರೆ ಗೋಡೆಗೆ ಇಡಿ. ಒಂದರಿಂದ ತೊಳೆದ ಮೇಲೆ ಚೆನ್ನಾಗಿ ಬರೀ ನೀರು ಹರಿಸಿಯೇ ಇನ್ನೊಂದು. ಅಳೆಯುವ ಮಗ್ಗೂ ಒಂದೊಂದಕ್ಕೆ ಒಂದೊಂದು.

ನೈಟ್ರಿಕ್ ಚರ್ಮಕ್ಕೆ ತಾಗಿದರೆ ಹಳದಿ ಕಲೆ ಬೀಳುತ್ತದೆ. ಅದಕ್ಕಿಂತ ಎಚ್ಚರವಿರಬೇಕಾದ್ದು ಕಂದು ಹೊಗೆಗೆ. ಗಟ್ಟಿ ನೈಟ್ರಿಕ್ ಲೋಹಕ್ಕೋ ಗೋಣಿಗೋ ಹೊಟ್ಟಿಗೋ ತಾಗಿದಾಗ ಅದು ಏಳುತ್ತದೆ. ಆ ಹೊಗೆ ಎಳೆದುಕೊಂಡವರಿಗೆ ಆ ಕ್ಷಣ ಸ್ವಲ್ಪ ಕೆಮ್ಮು, ಅಷ್ಟೆ. ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾರೆ. ರಾತ್ರಿ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಹಾಗಾಗಿ ಕಂದು ಹೊಗೆ ಕುಡಿದವರು ‘ಏನೂ ಆಗಿಲ್ಲ’ ಎಂದರೂ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಯಾವ ಹೊಗೆ ಎಂದು ಡಾಕ್ಟರಿಗೆ ಹೇಳಿ. ಗಾಳಿಯಲ್ಲಿ ನೈಟ್ರಿಕ್ ಎಷ್ಟಿರಬಹುದು ಎಂಬುದಕ್ಕೆ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿದ್ದ ಮಿತಿ ಎಂಟು ಗಂಟೆಯ ಕೆಲಸಕ್ಕೆ ಹತ್ತು ಲಕ್ಷದಲ್ಲಿ 2 ಪಾಲು. ಅಷ್ಟು ಕಡಿಮೆ. ಅಳೆಯುವ ಸಾಧನ ನಿಮ್ಮಲ್ಲಿರುವುದಿಲ್ಲ, ಎದುರುಬದುರು ಎರಡು ಕಿಟಕಿ ಇಡಿಸಬಹುದು. ಬಿಎಂಸಿ ಕೋಣೆಯ ನಕ್ಷೆ ಇನ್ನೂ ಕಾಗದದ ಮೇಲಿದ್ದರೆ ಈಗಲೇ ಹೇಳಿ. ನೈಟ್ರಿಕ್ ಮುಗಿದಿದೆ ಎಂದು ಟಾಯ್ಲೆಟ್ ತೊಳೆಯುವ ಆಸಿಡನ್ನು ತಂದು ಸ್ಟೀಲ್ ತೊಟ್ಟಿಗೆ ಹಾಕುವವರಿದ್ದಾರೆ. ಅದು ಸ್ಟೀಲನ್ನೇ ತಿಂದು ಗುಳಿ ಬೀಳಿಸುತ್ತದೆ.

ಕೊನೆಗೆ ಆಸ್ಪತ್ರೆ ಖರ್ಚು. ಕೆಲಸದಲ್ಲಿ ಗಾಯವಾದರೆ ಕೆಲಸ ಕೊಟ್ಟವರು ಪರಿಹಾರ ಕೊಡಬೇಕೆಂಬ ಕಾನೂನು ನಮ್ಮ ದೇಶಕ್ಕೆ 1923ರಲ್ಲೇ ಬಂದದ್ದು. ಈಗಿನ ಕಾನೂನಿನ ಯಾವ ಸಾಲು ನಿಮ್ಮ ಸಂಘಕ್ಕೆ ಹೇಗೆ ಅನ್ವಯ ಎಂದು ವಾದ ಮಾಡುತ್ತಾ ಕೂರುವ ಮೊದಲು ಬಿಲ್ ಪಾವತಿ ಮಾಡಿ, ಮುಂದಿನ ಸಭೆಯ ನಡಾವಳಿಯಲ್ಲಿ ಬರೆಸಿ. ಯಾವ ದಿನ, ಎಷ್ಟು ಹೊತ್ತಿಗೆ, ಏನಾಯಿತು, ಕರೆಂಟ್ ಇತ್ತೇ, ನೀರಿತ್ತೇ, ಎಷ್ಟು ಜನ ಸುತ್ತ ನಿಂತಿದ್ದರು ಎಲ್ಲವೂ ಇರಲಿ. ‘ಪರೀಕ್ಷಕಿಯ ನಿರ್ಲಕ್ಷ್ಯ’ ಎಂಬ ಎರಡು ಪದ ಮಾತ್ರ ಬೇಡ. ಅದನ್ನು ಬರೆದರೆ ಮುಂದಿನ ಸಲ ಹನಿ ಬಿದ್ದವರು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೋಗುತ್ತಾರೆ, ನಿಮಗೆ ಗೊತ್ತೇ ಆಗುವುದಿಲ್ಲ.

ಡ್ರಮ್ಮು, ನಲ್ಲಿ, ಪೈಪು ಈ ವಾರವೇ ತರಿಸಿ. ಬ್ಯಾಟರಿ ಮುಂದಿನ ಬಟವಾಡೆಯ ನಂತರ ಬಂದರೂ ನಡೆಯುತ್ತದೆ. ಅಲ್ಲಿಯವರೆಗೆ ಕರೆಂಟ್ ಹೋದ ದಿನ ಸ್ಯಾಂಪಲ್ ಬಾಟ್ಲಿಗಳು ಹತ್ತು ಗಂಟೆಯವರೆಗೆ ಕಾಯಲಿ.